ದೂರದೇಶದ ಸಹಪಾಠಿಗಳು

ವಾಚಕ ಮಹಾಶಯರಲ್ಲಿಯೂ ಸೋದರಿಯರಲ್ಲಿಯೂ ಮೊದಲಿಗೆ ಒಂದು ಕ್ಷಮಾಯಾಚನೆ. ಮನೆಯ ಹಳೆಯ ಪುಸ್ತಕಗಳನ್ನು ಹುಳುವಿನಿಂದ ಕಾಪಾಡುವ ಬಗೆಯನ್ನು ಕುರಿತು ಕಳೆದ ತಿಂಗಳು ಬರೆಯಲಾರಂಭಿಸಿ, ಉಳಿದ ಭಾಗವನ್ನು ಈ ತಿಂಗಳು ಪೂರೈಸುವೆವೆಂದು ಮಾತು ಕೊಟ್ಟಿದ್ದೆವು. ಆ ಮಾತನ್ನು ಇನ್ನೊಂದು ತಿಂಗಳ ಮಟ್ಟಿಗೆ ಮುಂದೂಡಬೇಕಾಗಿ ಬಂದಿದೆ. ನಮ್ಮ ಹಳೆಯ ಶಿಷ್ಯರೊಬ್ಬರು ಮೊನ್ನೆ ಸಾಯಂಕಾಲ ನಮ್ಮ ಜಗಲಿಯ ಮೇಲೆ ಕುಳಿತು ಕೇಳಿದ ಪ್ರಶ್ನೆಯೊಂದು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಅದು ಅವರೊಬ್ಬರ ಮನೆಯ ಪ್ರಶ್ನೆಯಾಗಿ ಉಳಿದಿಲ್ಲವಾದುದರಿಂದ ಇಲ್ಲಿಯೇ ಉತ್ತರಿಸಲು ಯತ್ನಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಇವರೇ ತಮ್ಮ ಹಿರಿಯ ಮಗನನ್ನು ಕಾಲೇಜಿಗೆ ಸೇರಿಸುವುದಕ್ಕೆ ಮುಂಚೆ ಒಂದು ಪರಿಚಯ ಪುಸ್ತಿಕೆಯನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ನುಣುಪಾದ ಕಾಗದ; ಅದರ ನೆತ್ತಿಯಲ್ಲಿ ಅಕ್ಕಪಕ್ಕದಲ್ಲಿ ಎರಡು ಮುದ್ರೆಗಳು, ಒಂದು ಇಲ್ಲಿಯ ಕಾಲೇಜಿನದು, ಮತ್ತೊಂದು ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದ್ದು; ಕೆಳಗೆ ಇಬ್ಬರು ಅಧಿಕಾರಿಗಳು ಕೈಕುಲುಕುತ್ತಿರುವ ಚಿತ್ರ. ನಾವು ಕನ್ನಡಕವನ್ನು ಏರಿಸಿಕೊಂಡು ಪುಟಗಳನ್ನು ತಿರುವಿ ಹಾಕಿ, "ಒಳ್ಳೆಯದಾಗಿಯೇ ಕಾಣುತ್ತದಪ್ಪ, ಸೇರಿಸು" ಎಂದುಬಿಟ್ಟೆವು. ನಮ್ಮ ಮಾತಿನಲ್ಲಿ ವಿಶ್ವಾಸವಿಟ್ಟು ಅವರು ಅಡಕೆಯ ತೋಟದ ಮೇಲೆ ಸಾಲವೆತ್ತಿ ಶುಲ್ಕವನ್ನು ಕಟ್ಟಿದರು. ಹುಡುಗನು ಓದು ಮುಗಿಸುವವರೆಗೂ ಆಚೆಯಿಂದ ಒಬ್ಬ ಅಧ್ಯಾಪಕನೂ ಬರಲಿಲ್ಲ, ಇಲ್ಲಿಂದ ಒಬ್ಬ ವಿದ್ಯಾರ್ಥಿಯೂ ಹೋಗಲಿಲ್ಲ. ಒಂದು ದಿನ ಪರದೆಯ ಮೇಲೆ ಒಂದು ಉಪನ್ಯಾಸವಾಯಿತಂತೆ; ಅದರಲ್ಲಿಯೂ ಅರ್ಧ ಹೊತ್ತು ಧ್ವನಿಯೇ ಇರಲಿಲ್ಲವಂತೆ. ಕಡೆಗೆ ಕೈಗೆ ಬಂದ ಪದವಿಪತ್ರದ ಮೇಲೆ ಒಂದೇ ಮುದ್ರೆ. ಎರಡನೆಯದೆಲ್ಲಿ ಎಂದು ಕೇಳಿದ್ದಕ್ಕೆ, ಒಪ್ಪಂದದ ಅವಧಿಯು ಮುಗಿಯಿತೆಂಬ ಉತ್ತರ ದೊರೆಯಿತು. ತೋಟದ ಸಾಲವು ಇನ್ನೂ ತೀರಿಲ್ಲ.

ಮುದ್ರೆಯನ್ನು ಕಂಡು ಮರುಳಾದವರಲ್ಲಿ ನಾವೇ ಮೊದಲಿಗರು. ನಲವತ್ತು ವರ್ಷಗಳ ಕಾಲ ಮಕ್ಕಳಿಗೆ ಪ್ರಮಾಣ, ಪರೀಕ್ಷೆ ಎಂದು ಬೋಧಿಸಿದ ನಮಗೆ, ಆ ಕಾಗದವನ್ನು ಹಿಡಿದಾಗ ಒಂದು ಪ್ರಶ್ನೆಯನ್ನು ಕೇಳಬೇಕೆಂದು ತೋರಲಿಲ್ಲ. ಈಗ ಅವರ ಮಗಳು ಬಿ.ಎಸ್‌ಸಿ. ಮುಗಿಸಿದ್ದಾಳೆ. ಎರಡು ದೇಶಗಳ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಸ್ನಾತಕೋತ್ತರ ತರಗತಿಯೊಂದಕ್ಕೆ ಸೇರಬೇಕೆಂಬುದು ಆಕೆಯ ಹಟ. ತಂದೆಯವರು ಮತ್ತೆ ನಮ್ಮ ಜಗಲಿಗೇ ಬಂದರು. "ಈ ಸಲ ತಾವು ಮುದ್ರೆ ನೋಡಬೇಡಿ ಮೇಷ್ಟ್ರೇ, ಒಳಗೇನಿದೆ ಅಂತ ನೋಡಿ ಹೇಳಿ" ಎಂದರು. ಅದರಲ್ಲಿ ಆಕ್ಷೇಪಣೆಯ ದನಿಯೇನೂ ಇರಲಿಲ್ಲ. ಇದ್ದಿದ್ದರೆ ನಮಗೆ ಇಷ್ಟು ನೋಯುತ್ತಿರಲಿಲ್ಲ.

ಖೋಟಾ ನಾಣ್ಯವನ್ನು ಗುರುತಿಸಬೇಕಾದರೆ ಸಾಚಾ ನಾಣ್ಯವೊಂದನ್ನು ಕೈಯಲ್ಲಿ ಹಿಡಿದು ನೋಡಿರಬೇಕು. ದೇಶದೇಶಗಳ ವಿದ್ವಾಂಸರು ಕೂಡಿ ಕಲಿತುದಕ್ಕೆ ನಾವು ಬಲ್ಲ ಸಾಚಾ ನಿದರ್ಶನ ಒಂದುಂಟು. ವಿದ್ಯಾರ್ಥಿದೆಶೆಯಲ್ಲಿ ನಮ್ಮ ಗುರುಗಳ ಮನೆಯಲ್ಲಿ ಪುಣೆಯಿಂದ ತರಿಸಿದ ಮಹಾಭಾರತದ ಆದಿಪರ್ವದ ಸಂಪುಟವನ್ನು ಮೊದಲ ಬಾರಿಗೆ ಬಿಡಿಸಿದಾಗ ನಮಗೆ ಬಂದುದು ಸಿಟ್ಟು. ಪುಟದ ಮೇಲ್ಭಾಗದಲ್ಲಿ ಕೆಲವೇ ಶ್ಲೋಕಗಳು. ಕೆಳಗೆಲ್ಲ ಇರುವೆಯ ಸಾಲಿನಂತೆ ಅಡಿಟಿಪ್ಪಣಿಗಳು. ಕೆಲವು ಪದಗಳ ಕೆಳಗೆ ಅಲೆಯಲೆಯಾದ ಗೆರೆ. "ಇದೇನು ಗುರುಗಳೇ, ಅಚ್ಚಿನ ತಪ್ಪೆ?" ಎಂದು ಕೇಳಿದೆವು. ಗುರುಗಳು ನಕ್ಕು, "ಸಂಪಾದಕರಿಗೆ ಎಲ್ಲಿ ಖಚಿತವಿಲ್ಲವೋ ಅಲ್ಲಿ ಆ ಗೆರೆ" ಎಂದರು. ತಮಗೆ ಸಂದೇಹವಿರುವ ಸ್ಥಳವನ್ನು ತಾವೇ ಗುರುತು ಹಾಕಿ ತೋರಿಸುವ ಪಂಡಿತರೂ ಲೋಕದಲ್ಲಿರುವರೆಂಬುದು ಅಂದು ನಮಗೆ ತಿಳಿಯಿತು.

ಆ ಸಂಪುಟಗಳ ಕಥೆಯು ಪುಣೆಯಲ್ಲಿ ಆರಂಭವಾದುದಲ್ಲ. 1897ರಲ್ಲಿ ಪ್ಯಾರಿಸ್ ನಗರದಲ್ಲಿ ನೆರೆದ ಪ್ರಾಚ್ಯವಿದ್ಯಾ ಪರಿಷತ್ತಿನಲ್ಲಿ ಮೋರಿಟ್ಜ್ ವಿಂಟರ್ನಿಟ್ಸ್ ಎಂಬ ವಿದ್ವಾಂಸರು, ಮಹಾಭಾರತದ ಎಲ್ಲ ಪ್ರಾಂತಗಳ ಹಸ್ತಪ್ರತಿಗಳನ್ನೂ ಹೋಲಿಸಿ ಒಂದು ಪರಿಷ್ಕೃತ ಪಾಠವನ್ನು ಸಿದ್ಧಪಡಿಸಬೇಕೆಂದು ಸೂಚಿಸಿದರು. ಅವರಿಗೆ ಈ ಯೋಚನೆಯನ್ನು ಹುಟ್ಟಿಸಿದುದು ದಕ್ಷಿಣ ಭಾರತದ ತಾಳೆಯೋಲೆಗಳೆಂಬುದನ್ನು ನಾವು ಮರೆಯಬಾರದು. ಮದರಾಸು ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ವಿಷ್ ಎಂಬುವರು ಕೂಡಿಹಾಕಿದ್ದ ಓಲೆಗಳು ಲಂಡನ್ನಿನಲ್ಲಿದ್ದುವು. ಅವುಗಳ ಭಾರತವು ಉತ್ತರದೇಶದ ಅಚ್ಚಿನ ಭಾರತಕ್ಕಿಂತ ಎಷ್ಟೋ ಕಡೆ ಬೇರೆಯಾಗಿರುವುದನ್ನು ವಿಂಟರ್ನಿಟ್ಸರು ಕಂಡರು. ಯೂರೋಪಿನ ವಿದ್ವತ್ಸಭೆಗಳು ಈ ಕಾರ್ಯವನ್ನು ಒಪ್ಪಿ ಕೈಗೊಂಡುವು. 1908ರಲ್ಲಿ ಜರ್ಮನಿಯ ಲ್ಯೂಡರ್ಸರು ಕೆಲವೇ ಶ್ಲೋಕಗಳ ಮಾದರಿಯೊಂದನ್ನು ಅಚ್ಚುಮಾಡಿಸಿದರು. 1914ರ ಮಹಾಯುದ್ಧವು ಬಂದಿತು. ಕೂಡಿ ಓದಬೇಕಾಗಿದ್ದ ದೇಶಗಳು ಪರಸ್ಪರ ಗುಂಡು ಹಾರಿಸತೊಡಗಿದುವು. ಅಲ್ಲಿಗೆ ಆ ಯೋಜನೆಯು ನಿಂತಿತು.

ನಿಂತುದನ್ನು ಎತ್ತಿಕೊಂಡುದು ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ. 1919ರಲ್ಲಿ ವಯೋವೃದ್ಧರಾದ ರಾಮಕೃಷ್ಣ ಗೋಪಾಲ ಭಂಡಾರಕರರ ಹಸ್ತದಿಂದ ಕಾರ್ಯಾರಂಭವಾಯಿತು. 1925ರಲ್ಲಿ ಪ್ರಧಾನ ಸಂಪಾದಕತ್ವವು ವಿಷ್ಣು ಸೀತಾರಾಮ ಸುಖಠಣಕರರಿಗೆ ಬಂದ ಮೇಲೆ ಅದಕ್ಕೆ ಒಂದು ಸ್ಥಿರವಾದ ಕ್ರಮವು ದೊರೆಯಿತು. ಇವರು ಕೇಂಬ್ರಿಜಿನಲ್ಲಿ ಗಣಿತವನ್ನೋದಿ, ಆಮೇಲೆ ಬರ್ಲಿನಿನಲ್ಲಿ ಅದೇ ಲ್ಯೂಡರ್ಸರ ಶಿಷ್ಯರಾಗಿ ಸಂಸ್ಕೃತದಲ್ಲಿ ಸಂಶೋಧನೆ ಮಾಡಿದವರು. ಅಲ್ಲಿ ಅವರು ಆರಿಸಿಕೊಂಡ ವಿಷಯವು ಶಾಕಟಾಯನನ ವ್ಯಾಕರಣ. ನಮ್ಮ ಮಾನ್ಯಖೇಟದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜೈನಯತಿಯಾದ ಪಾಲ್ಯಕೀರ್ತಿಯು ರಚಿಸಿದ ಗ್ರಂಥವಿದು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ ಅರಸರ ಆಶ್ರಯದ ವಿದ್ಯೆಯನ್ನು, ಮುಂಬಯಿಯ ಹುಡುಗನೊಬ್ಬನು, ಬರ್ಲಿನಿನಲ್ಲಿ, ಜರ್ಮನ್ ಗುರುವಿನ ಮುಂದೆ ಕುಳಿತು ಓದಿದನು! ಇಲ್ಲಿ ಯಾರು ಯಾರಿಗೆ ವಿದ್ಯಾದಾನ ಮಾಡಿದಂತಾಯಿತೆಂದು ಲೆಕ್ಕಹಾಕುವವರು ಹಾಕಲಿ.

ಪುಣೆಯಲ್ಲಿ ಕೆಲಸವು ಹೇಗೆ ನಡೆಯುತ್ತಿದ್ದಿತೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಿದರೆ ಮನೆಯವರಿಗೆ ಬೇಸರವಾಗಲಾರದೆಂದು ನಂಬುತ್ತೇವೆ. ಒಂದು ದೊಡ್ಡ ಕಾಗದದ ಹಾಳೆಗೆ ಅಡ್ಡಗೆರೆ, ಉದ್ದಗೆರೆಗಳನ್ನು ಎಳೆದು, ಮೇಲಿನ ಸಾಲಿನಲ್ಲಿ ಮುಂಬಯಿಯ ಅಚ್ಚಿನ ಪ್ರತಿಯ ಒಂದು ಶ್ಲೋಕವನ್ನು ದಪ್ಪಕ್ಷರಗಳಲ್ಲಿ ಬರೆಯುವರು. ಕೆಳಗೆ ಒಂದೊಂದು ಹಸ್ತಪ್ರತಿಗೆ ಒಂದೊಂದು ಸಾಲು. ಎಲ್ಲಿ ಅಕ್ಷರವು ಭಿನ್ನವಾಗಿದೆಯೋ ಆ ಅಕ್ಷರದ ನೇರಕ್ಕೆ ಅದನ್ನು ಗುರುತಿಸುವರು. ಬಲಗಡೆಯಲ್ಲಿ ಷರಾ ಬರೆಯಲು ಅಗಲವಾದ ಒಂದು ಅಂಕಣ. ಒಬ್ಬರು ಗುರುತಿಸಿದುದನ್ನು ಇನ್ನೊಂದು ತಂಡದವರು ಮತ್ತೆ ಪರಿಶೀಲಿಸಬೇಕು. ಕಾಶ್ಮೀರದ ಶಾರದಾ, ನೇಪಾಳಿ, ಮೈಥಿಲಿ, ಬಂಗಾಳಿ, ದೇವನಾಗರಿ, ತೆಲುಗು, ಗ್ರಂಥ, ಮಲಯಾಳ, ಇಷ್ಟು ಲಿಪಿಗಳನ್ನು ಒಬ್ಬನೇ ಓದಬಲ್ಲನೆ? ಆದಕಾರಣ ಉತ್ತರದ ಶಾಸ್ತ್ರಿಗಳೂ ದಕ್ಷಿಣದ ಶಾಸ್ತ್ರಿಗಳೂ ವಿಶ್ವವಿದ್ಯಾಲಯದ ಪದವೀಧರರೂ ಒಂದೇ ಸೂರಿನಡಿ ಕುಳಿತರು. ಬಂಗಾಳದ ಪ್ರತಿಗಳನ್ನು ಶಾಂತಿನಿಕೇತನದಲ್ಲಿಯೂ ದಕ್ಷಿಣದ ಪ್ರತಿಗಳನ್ನು ತಂಜಾವೂರಿನ ಸರಸ್ವತೀ ಮಹಲಿನಲ್ಲಿಯೂ ತುಲನೆ ಮಾಡಿಸಿದರು. ಆದಿಪರ್ವವೊಂದಕ್ಕೇ ಸುಮಾರು 60 ಹಸ್ತಪ್ರತಿಗಳ ಪಾಠಭೇದಗಳನ್ನು ಕೊಟ್ಟಿದ್ದಾರೆ. ಇಡೀ ಗ್ರಂಥಕ್ಕಾಗಿ ನೋಡಿದ ಹಸ್ತಪ್ರತಿಗಳ ಸಂಖ್ಯೆ 1259.

ಶಾಲೆಯಲ್ಲಿ ಪಕ್ಕದವನನ್ನು ನೋಡಿ ಬರೆದ ಇಬ್ಬರು ಹುಡುಗರ ಉತ್ತರಗಳು ಒಂದೇ ಆಗಿದ್ದರೆ ಉಪಾಧ್ಯಾಯನು ಅದಕ್ಕೆ ಬೆಲೆ ಕೊಡುವುದಿಲ್ಲ. ಬೇರೆ ಬೇರೆ ಊರಿನಲ್ಲಿದ್ದ ಇಬ್ಬರು ಒಂದೇ ಉತ್ತರವನ್ನು ಬರೆದಿದ್ದರೆ ಅದನ್ನು ನಂಬಬಹುದು. ಸುಖಠಣಕರರೂ ಹಾಗೆಯೇ ಎಣಿಸಿದರು. ಕಾಶ್ಮೀರದ ಓದೂ ಕೇರಳದ ಓದೂ ಒಂದಕ್ಕೊಂದು ಸಂಪರ್ಕವಿಲ್ಲದೆ ಒಂದೇ ಆಗಿ ಬಂದಲ್ಲಿ ಅದು ಬಹು ಹಳೆಯ ಪಾಠವಾಗಿರಬೇಕೆಂದು ಅವರು ಹೆಚ್ಚಿನ ಬೆಲೆ ಕೊಟ್ಟರು.

ಇನ್ನು ಸಭಾಪರ್ವದ ವಿಷಯ. ಅದನ್ನು ಸಂಪಾದಿಸಲು ಪುಣೆಯವರು ಒಪ್ಪಿಸಿದುದು ಅಮೇರಿಕದ ಯೇಲ್ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಎಡ್ಗರ್ಟನ್ನರಿಗೆ. ದ್ಯೂತಪ್ರಸಂಗವೂ ದ್ರೌಪದಿಯ ಮಾನಭಂಗದ ಪ್ರಯತ್ನವೂ ಇರುವ ಪರ್ವವಿದು; ಹೊರಗಿನವರ ಕೈಗೆ ಕೊಡಲು ಯಾರಾದರೂ ಹಿಂಜರಿಯಬಹುದಾಗಿದ್ದ ಭಾಗ. 1944ರಲ್ಲಿ ಸಂಪುಟವು ಹೊರಬಂದಿತು. ದ್ರೌಪದಿಯು ಕೃಷ್ಣನನ್ನು ಕೂಗಿ ಕರೆಯುವ ಶ್ಲೋಕಗಳನ್ನು ಎಡ್ಗರ್ಟನ್ನರು, ಹಸ್ತಪ್ರತಿಗಳ ಸಾಕ್ಷ್ಯವು ಸಾಲದೆಂದು, ಮೂಲಪಾಠದಿಂದ ಕೆಳಗಿಳಿಸಿದ್ದರು. ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ನಮ್ಮ ಮನೆಗಳಲ್ಲಿ ಈ ಮಾತನ್ನು ಹೇಳಿನೋಡಿ! ನಮ್ಮ ತಾಯಿಯವರಿಗೆ ನಾವು ಒಮ್ಮೆ ಹೇಳಿದಾಗ, "ಆ ದೊರೆ ಆ ಹೊತ್ತಿಗೆ ಸಭೆಯಲ್ಲಿದ್ದನೇನೋ?" ಎಂದು ಕೇಳಿ ಒಳಗೆ ಹೋದರು. ಆದರೆ ಎಡ್ಗರ್ಟನ್ನರು ಆ ಶ್ಲೋಕಗಳನ್ನು ಎಸೆಯಲಿಲ್ಲ. ಅವು ಯಾವ ಯಾವ ಪ್ರತಿಯಲ್ಲಿವೆಯೋ ಅದರ ಗುರುತಿನೊಡನೆ ಅಡಿಯಲ್ಲಿ ಅಚ್ಚಾಗಿಯೇ ಇವೆ. ಸುಖಠಣಕರರೂ ವ್ಯಾಸರಿಗೆ ಗಣಪತಿಯು ಲಿಪಿಕಾರನಾದ ಕಥೆಯನ್ನು ಹೀಗೆಯೇ ಆದಿಪರ್ವದ ಅನುಬಂಧಕ್ಕೆ ಕಳುಹಿಸಿದ್ದರು. ಸ್ವದೇಶೀಯರಿಗೊಂದು, ಪರದೇಶೀಯರಿಗೊಂದು ಎಂಬ ಎರಡು ಅಳತೆಗೋಲುಗಳು ಅಲ್ಲಿರಲಿಲ್ಲ. ಬಿಟ್ಟವರು ಯಾರೇ ಆಗಲಿ, ಬಿಟ್ಟುದನ್ನೂ ಬಿಟ್ಟ ಕಾರಣವನ್ನೂ ಓದುಗನ ಕಣ್ಣಮುಂದೆ ಇಟ್ಟರು. ಇಷ್ಟಾದ ಮೇಲೂ ನಾವು ದ್ರೌಪದಿಯ ಮೊರೆಯನ್ನು ಓದುವಾಗ ಅಡಿಟಿಪ್ಪಣಿಯನ್ನೇ ಹುಡುಕಿಕೊಂಡು ಓದುತ್ತೇವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಕೂಡಿ ಓದುವುದೆಂದರೆ ತಲೆಯಾಡಿಸುವುದೆಂದು ಅವರು ಭಾವಿಸಿರಲಿಲ್ಲ. ವಾಲ್ಟರ್ ರೂಬೆನ್ ಎಂಬ ಜರ್ಮನ್ ವಿದ್ವಾಂಸರು ಪುಣೆಯ ಕ್ರಮವನ್ನು ಟೀಕಿಸಿದಾಗ, 1930ರಲ್ಲಿ ಸುಖಠಣಕರರು ಅದಕ್ಕೆ ಒಂದೊಂದಾಗಿ ಸಮಾಧಾನವನ್ನು ಬರೆದು ಪ್ರಕಟಿಸಿದರು. ಯೋಜನೆಯ ಬೀಜವನ್ನು ಬಿತ್ತಿದ ವಿಂಟರ್ನಿಟ್ಸರಿಗೂ ಎಲ್ಲ ಪಾಠಗಳೂ ಒಪ್ಪಿಗೆಯಾಗಲಿಲ್ಲ. ಅವರ ಆಕ್ಷೇಪಣೆಗಳಿಗೂ ಅದೇ ಬಗೆಯ ಬಿಚ್ಚುಮನದ ಉತ್ತರ. ಶಿಷ್ಯನ ದೇಶದವರು ಗುರುವಿನ ದೇಶದವರಿಗೆ "ಇಲ್ಲಿ ತಾವು ತಪ್ಪಿದ್ದೀರಿ" ಎಂದು ಹೇಳಬಲ್ಲವರಾದರು, ಗುರುವಿನ ದೇಶದವರು ಅದನ್ನು ಕೇಳಬಲ್ಲವರಾದರು. ಈ ವಿಂಟರ್ನಿಟ್ಸರೇ ರವೀಂದ್ರನಾಥರ ಕರೆಯಂತೆ 1922-23ರಲ್ಲಿ ಶಾಂತಿನಿಕೇತನಕ್ಕೆ ಬಂದು ಪಾಠ ಹೇಳಿ ಹೋಗಿದ್ದರು.

ಕಾಲವು ಆ ವಿದ್ವಾಂಸರಿಗೆ ಅನುಕೂಲವಾಗಿರಲಿಲ್ಲ. 1943ರ ಜನವರಿಯಲ್ಲಿ ಸುಖಠಣಕರರು ತೀರಿಕೊಂಡರು. ಬೇಲ್ವಲ್ಕರರೂ ಅವರ ಬಳಿಕ ಪರಶುರಾಮ ಲಕ್ಷ್ಮಣ ವೈದ್ಯರೂ ಹೊಣೆ ಹೊತ್ತರು. ವಿರಾಟಪರ್ವದ ರಘುವೀರರು ಲಾಹೋರಿನಲ್ಲಿದ್ದವರು, ಉದ್ಯೋಗಪರ್ವದ ಸುಶೀಲಕುಮಾರ ದೇ ಅವರು ಢಾಕಾ ವಿಶ್ವವಿದ್ಯಾಲಯದವರು. 1947ರಲ್ಲಿ ಆ ಎರಡು ನಗರಗಳೂ ಗಡಿಯ ಆಚೆಯವಾದುವು. ಪುಸ್ತಕದ ಮೇಲೆ ಮಾತ್ರ ಹೆಸರುಗಳು ಇದ್ದ ಹಾಗೆಯೇ ಇವೆ. 1966ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿಗಳಾಗಿದ್ದ ರಾಧಾಕೃಷ್ಣನ್ನರು ಕಾರ್ಯದ ಸಮಾಪ್ತಿಯನ್ನು ಘೋಷಿಸಿದರು. ಇವರು ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದವರೆಂಬುದು ನಮ್ಮವರಿಗೆ ತಿಳಿದೇ ಇದೆ. ಪ್ಯಾರಿಸ್ಸಿನ ಸೂಚನೆಯಿಂದ ಎಣಿಸಿದರೆ 69 ವರ್ಷ. ಆಮೇಲೂ ಅದು ನಿಲ್ಲಲಿಲ್ಲ. ಈ ಪಾಠವನ್ನಾಧರಿಸಿ ಷಿಕಾಗೋವಿನಲ್ಲಿ ವಾನ್ ಬಾಯ್ಟೆನೆನ್ನರು 1973ರಿಂದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸತೊಡಗಿದರು. ಜಪಾನಿನ ಕ್ಯೋಟೋದ ತೊಕುನಾಗರು ಇಡೀ ಪಾಠವನ್ನು ಕಂಪ್ಯೂಟರಿಗೆ ಏರಿಸಿದರು, ಕೇಂಬ್ರಿಜಿನ ಜಾನ್ ಸ್ಮಿತ್ತರು ಅದನ್ನು ತಿದ್ದಿ ಎಲ್ಲರಿಗೂ ಬಿಟ್ಟುಕೊಟ್ಟರು. ನಮ್ಮ ಮೊಮ್ಮಗನು ಇಂದು ಒಂದು ಶ್ಲೋಕವನ್ನು ಕೈಫೋನಿನಲ್ಲಿ ಹುಡುಕಿ ಕೊಡುವುದು ಇಷ್ಟು ಜನರ ಕೈ ದಾಟಿ ಬಂದ ಮೇಲೆ.

ಇಂತಹ ಸಖ್ಯಕ್ಕೆ ಬೆಲೆ ತೆರಬೇಕಾದುದೂ ಉಂಟು. 2004ರ ಜನವರಿಯಲ್ಲಿ, ವಿದೇಶೀಯ ಲೇಖಕರೊಬ್ಬರು ತಮ್ಮ ಪುಸ್ತಕದಲ್ಲಿ ಈ ಮಂದಿರಕ್ಕೆ ಕೃತಜ್ಞತೆಯನ್ನು ಸೂಚಿಸಿದ್ದರೆಂಬ ಕಾರಣಕ್ಕೆ, ಆ ಪುಸ್ತಕದ ಮೇಲಣ ಕೋಪದಿಂದ ಗುಂಪೊಂದು ಒಳನುಗ್ಗಿ ಗ್ರಂಥಗಳನ್ನೂ ಕಪಾಟುಗಳನ್ನೂ ಧ್ವಂಸಮಾಡಿತು. ಓದಲು ಬಂದವನಿಗೆ ಓಲೆಯನ್ನು ತೆಗೆದುಕೊಟ್ಟುದೇ ಅಪರಾಧವಾಯಿತು. ಅಂದು ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ನಾವು ತರಗತಿಯಲ್ಲಿ ಪಾಠವನ್ನು ಮುಂದುವರಿಸಲಾರದೆ ಕುಳಿತುಬಿಟ್ಟೆವು.

ಇದು ಪಂಡಿತರ ಕಥೆ, ಮಕ್ಕಳ ಕಾಲೇಜಿಗೂ ಇದಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಅಂಥವರು ಕಾನಪುರದ ಐ.ಐ.ಟಿ.ಯನ್ನು ನೋಡಲಿ. 1962ರಿಂದ 1972ರವರೆಗೆ ಅಮೇರಿಕದ ಒಂಬತ್ತು ವಿದ್ಯಾಸಂಸ್ಥೆಗಳು ಒಟ್ಟುಗೂಡಿ ಅದನ್ನು ಬೆಳೆಸಲು ನೆರವಾದುವು. ಅಧ್ಯಾಪಕರು ಸ್ವತಃ ಬಂದು ಇದ್ದು ಕಲಿಸಿದರು, ನಮ್ಮವರು ಅಲ್ಲಿಗೆ ಹೋಗಿಬಂದರು. 1963ರಲ್ಲಿ ಅಲ್ಲಿಗೆ ಐ.ಬಿ.ಎಂ. 1620 ಎಂಬ ಗಣಕಯಂತ್ರವು ಬಂದಿತು. ಅದರ ಸುತ್ತಲೂ ಕುಳಿತು ಕಲಿತು ಕಲಿಸಿದವರಲ್ಲೊಬ್ಬರಾದ ವಿ. ರಾಜಾರಾಮನ್ನರು ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಅಧ್ಯಾಪಕರಾಗಿದ್ದರು. ಹತ್ತು ವರ್ಷಗಳ ಬಳಿಕ ಅಮೇರಿಕದವರು ಹೊರಟುಹೋದರು. ಕಲಿತುದು ಇಲ್ಲಿಯೇ ಉಳಿಯಿತು. ನಮ್ಮ ಶಿಷ್ಯರ ಮಗನ ಕಾಲೇಜಿನಲ್ಲಿಯೂ ಒಪ್ಪಂದದ ಅವಧಿಯು ಮುಗಿಯಿತು; ಉಳಿದುದು ತೋಟದ ಸಾಲ.

ಆದುದರಿಂದ ಈ ಸಲ ನಾವು ಪರಿಚಯ ಪುಸ್ತಿಕೆಯನ್ನು ಬದಿಗಿಟ್ಟು ಮೊದಲು ಕಾನೂನಿನ ಕಾಗದವನ್ನು ತರಿಸಿ ಓದಿದೆವು. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಮೂರು ಬಗೆಯ ಸಹಯೋಗವನ್ನು ಹೇಳಿದೆ. ಮೊದಲನೆಯದು ಟ್ವಿನ್ನಿಂಗ್: ಪದವಿಯನ್ನು ಕೊಡುವುದು ಇಲ್ಲಿಯ ಸಂಸ್ಥೆಯೇ, ವಿದ್ಯಾರ್ಥಿಯು ನೂರಕ್ಕೆ 30ಕ್ಕೆ ಮೀರದಷ್ಟು ಕ್ರೆಡಿಟ್ಟುಗಳನ್ನು ಹೊರದೇಶದಲ್ಲಿ ಗಳಿಸಬಹುದು. ಎರಡನೆಯದು ಜಂಟಿ ಪದವಿ: ಎರಡು ಸಂಸ್ಥೆಗಳ ಹೆಸರಿನಲ್ಲಿಯೂ ಒಂದೇ ಪದವಿಪತ್ರ, ಒಂದೊಂದು ಕಡೆಯಲ್ಲಿಯೂ ಕನಿಷ್ಠ ನೂರಕ್ಕೆ 30ರಷ್ಟು ಓದಿರಬೇಕು. ಮೂರನೆಯದರಲ್ಲಿ ಎರಡೂ ಸಂಸ್ಥೆಗಳು ಬೇರೆಬೇರೆಯಾಗಿ ಪದವಿ ಕೊಡುವುವು. ಹೊರದೇಶದ ಹೆಸರನ್ನು ಬಾಡಿಗೆಗೆ ತಂದು ಹಾಕಿಕೊಳ್ಳುವ ಫ್ರಾಂಚೈಸಿ ವ್ಯವಹಾರಕ್ಕೆ ಆ ನಿಯಮಗಳಲ್ಲಿ ಎಡೆಯಿಲ್ಲ; ಮನೆಯಲ್ಲಿ ಕುಳಿತು ಆನ್‌ಲೈನಿನಲ್ಲಿ ಕಲಿಯುವ ತರಗತಿಗಳಿಗೂ ಅವು ಅನ್ವಯಿಸುವುದಿಲ್ಲ. ಇಷ್ಟನ್ನು ಅಂದೇ ಓದುವ ಅಭ್ಯಾಸ ನಮಗಿದ್ದಿದ್ದರೆ ಎಂಬ ಮಾತನ್ನು ಇಲ್ಲಿಗೇ ಬಿಡುತ್ತೇವೆ.

ಕಾನೂನು ಹೇಳದೆ ಇರುವುದು ಬೇರೆಯುಂಟು. ಮರುದಿನ ಹುಡುಗಿಯನ್ನು ಕರೆಯಿಸಿ ಜಗಲಿಯಲ್ಲಿ ಕೂರಿಸಿಕೊಂಡು, "ನೀನೇ ಬರಿಯಮ್ಮ, ಓದುವವಳು ನೀನು" ಎಂದೆವು. ಪದವಿಪತ್ರದ ಮೇಲೆ ಯಾರ ಹೆಸರಿರುವುದು, ಅಲ್ಲಿ ಎಷ್ಟು ಇಲ್ಲಿ ಎಷ್ಟು ಓದಬೇಕು, ಒಪ್ಪಂದವು ನಡುವೆ ಮುರಿದರೆ ಸೇರಿದ ವಿದ್ಯಾರ್ಥಿಗಳ ಗತಿಯೇನು, ಕಳೆದ ಎರಡು ವರ್ಷಗಳಲ್ಲಿ ಯಾವ ಅಧ್ಯಾಪಕರು ಅಲ್ಲಿಂದ ಬಂದು ಎಷ್ಟು ದಿನ ಇದ್ದರು, ಇವನ್ನು ನಾವು ಹೇಳಿದೆವು, ಆಕೆ ಬರೆದಳು. ಆಮೇಲೆ ಲೇಖನಿಯನ್ನು ಹಿಡಿದೇ, "ತಾತ, ಇನ್ನೊಂದು ನಾನೇ ಸೇರಿಸಲೇ?" ಎಂದು ಕೇಳಿದಳು. ಅವಳು ಸೇರಿಸಿದ ಪ್ರಶ್ನೆ ಇದು: ಅಲ್ಲಿಯ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆಯೆ, ಬಂದರೆ ನಮ್ಮಲ್ಲಿ ಏನನ್ನು ಕಲಿಯಲು ಬರುತ್ತಾರೆ? ಪುಣೆಯ ಕಥೆಯನ್ನು ನಾವು ಆಕೆಗೆ ಆವರೆಗೆ ಹೇಳಿರಲಿಲ್ಲ.

ಕಾಗದವು ಹೋಗಿ ಹನ್ನೆರಡು ದಿನಗಳಾದುವು. ಮೊದಲ ನಾಲ್ಕು ಪ್ರಶ್ನೆಗಳಿಗೆ ಉತ್ತರವು ಬಂದಿದೆ. ಬಂದ ಅಧ್ಯಾಪಕರ ಹೆಸರುಗಳೂ ಅವರು ಇಲ್ಲಿ ಇದ್ದ ತಿಂಗಳುಗಳೂ ನಮೂದಾಗಿವೆ, ಅದು ಸಮಾಧಾನಕರವಾಗಿಯೇ ಕಾಣುತ್ತದೆ. ಐದನೆಯದಕ್ಕೆ, ವಿಭಾಗದ ಮುಖ್ಯಸ್ಥರನ್ನು ವಿಚಾರಿಸಿ ತಿಳಿಸುವುದಾಗಿ ಬರೆದಿದ್ದಾರೆ. ಮುಂಗಡ ಹಣ ಕಟ್ಟಲು ಬರುವ ತಿಂಗಳ 15ನೆಯ ತಾರೀಖು ಕಡೆಯ ದಿನ. ನಮ್ಮ ಶಿಷ್ಯರು ಈ ಸಲ ತೋಟದ ಪತ್ರಗಳನ್ನು ಪೆಟ್ಟಿಗೆಯಿಂದ ಇನ್ನೂ ಹೊರಕ್ಕೆ ತೆಗೆದಿಲ್ಲ.